ಒದ್ದಷ್ಟು ಮೊಗ್ಗು

ತನುಶ್ರೀಗೆ ಹೊಲಿಗೆ ಬರುತ್ತಿರಲಿಲ್ಲ. ಅಂಗಿಯ ಗುಂಡಿ ಕಿತ್ತುಬಂದರೆ ಪಿನ್ನು ಚುಚ್ಚಿಕೊಂಡು ಬ್ಯಾಂಕಿಗೆ ಹೋಗುವವಳು ಅವಳು. ಅಂಥವಳು ಎಂಟು ತಿಂಗಳ ಹೊಟ್ಟೆ ಹೊತ್ತು, ವಾಮಂಜೂರಿನ ಗಂಡನ ಮನೆಯಲ್ಲಿ ಎಡಮಗ್ಗುಲಾಗಿ ಮಲಗಿ, ದಿಂಬಿನ ಬಟ್ಟೆಗೆ ಕಸೂತಿ ಹಾಕುತ್ತಿದ್ದಳು. ಅದೂ ಕದ್ದು.

ಕದ್ದು ಹೊಲಿಯಬೇಕಾದದ್ದು ಅತ್ತೆ ಶಶಿಪ್ರಭಾ ಅವರಿಂದಾಗಿ. ಸೊಸೆ ಬಸುರಿ ಎಂದು ತಿಳಿದ ದಿನವೇ ಅವರು ಮನೆಯಲ್ಲಿದ್ದ ಸೂಜಿಗಳನ್ನೆಲ್ಲ ಒಟ್ಟು ಮಾಡಿ ತಮ್ಮ ಕಪಾಟಿಗೆ ಸೇರಿಸಿ ಬೀಗ ಹಾಕಿದ್ದರು. "ಬಸುರಿ ಹೆಂಗಸು ಸೂಜಿ ಹಿಡಿಯಬಾರದು. ಹೊಟ್ಟೆಯಲ್ಲಿದ್ದ ಬಾಲೆಗೆ ಆಗುವುದಿಲ್ಲ." ಯಾಕೆ ಎಂದು ಕೇಳಿದರೆ, "ಆಗುವುದಿಲ್ಲ ಅಂದ್ರೆ ಆಗುವುದಿಲ್ಲ" ಎಂದು ಎದ್ದು ಹೋಗುತ್ತಿದ್ದರು.

ಇದಕ್ಕೆ ಮೊದಲು ತನುಶ್ರೀಗೆ ಎರಡು ಸಲ ಮೂರನೆಯ ತಿಂಗಳಲ್ಲೇ ಗರ್ಭ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಲಗಿ ಮಗುವಿನ ಒದೆತ ಎಣಿಸಬೇಕು, ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಬಂದುಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ತನುಶ್ರೀ ಮೊಬೈಲಿನಲ್ಲಿ ಎಣಿಸಲು ಹೋಗಿ, ಹೆದರಿಕೆಗೆ ಒಮ್ಮೆ ಎರಡೆರಡು ಸಲ ಒತ್ತಿ, ಒಮ್ಮೆ ಒತ್ತಲು ಮರೆತು, ಹಿಂದಿನ ವಾರ ಎಲ್ಲರನ್ನೂ ಅತ್ತಾವರದ ಆಸ್ಪತ್ರೆಗೆ ಓಡಿಸಿದ್ದಳು. ಅಲ್ಲಿ ಯಂತ್ರ ಹಚ್ಚಿದ ಕೂಡಲೇ ಮಗು ಯಂತ್ರಕ್ಕೇ ಒದ್ದಿತು. ಹೋಟೆಲಿನ ಗಲ್ಲಾ ಬಿಟ್ಟು ಓಡಿ ಬಂದಿದ್ದ ಗಂಡ ಪೃಥ್ವಿರಾಜ್ ನಕ್ಕುಬಿಟ್ಟ. ಅತ್ತೆ ನಗಲಿಲ್ಲ.

ಮರುದಿನ ಕುಲಶೇಖರದ ಗೆಳತಿ ಏವ್ರಿಲ್ ಬಂದು ಒಂದು ಚೀಲ ಕೊಟ್ಟು ಹೋದಳು. ಮರದ ರಿಂಗಿಗೆ ಬಿಗಿದ ಬಟ್ಟೆ, ಅದರ ಮೇಲೆ ಅಚ್ಚು ಹಾಕಿದ ಮಲ್ಲಿಗೆ ದಂಡೆ, ಬಣ್ಣಬಣ್ಣದ ದಾರ, ಒಂದು ಸೂಜಿ. "ಸುಮ್ಮನೆ ಮಲಗಿದ್ರೆ ತಲೆ ಹಾಳಾಗ್ತದೆ ಮಾರಾಯ್ತಿ. ಚಂದದ ದಿಂಬು ಆಗ್ತದೆ ನೋಡು. ಸೂಜಿಗೆ ದಾರ ಎರಡು ಸುತ್ತು ಸುತ್ತಿ, ಬಂದ ತೂತಿನ ಪಕ್ಕದಲ್ಲೇ ಇಳಿಸು. ಗಂಟು ಬೀಳ್ತದೆ. ಅದೇ ಮೊಗ್ಗು."

ಮೊದಲ ದಿನ ಗಂಟುಗಳೆಲ್ಲ ಜಾರಿ ಬಟ್ಟೆಯ ಹಿಂದಕ್ಕೆ ಹೋದವು. ಬೆರಳಿಗೆ ಚುಚ್ಚಿದ್ದೇ ಹೆಚ್ಚು. ಎರಡನೆಯ ದಿನ ಅವಳು ಸೂಜಿ ಎತ್ತುವುದಕ್ಕೂ ಮಗು ಒದೆಯುವುದಕ್ಕೂ ಸರಿಹೋಗಿ, ಬೆಚ್ಚಿ ಇಳಿಸಿದ ಗಂಟು ದುಂಡಗೆ ಕೂತಿತು. ಅಲ್ಲಿಂದ ಅದೇ ನಿಯಮವಾಯಿತು. ಒಂದು ಒದೆತಕ್ಕೆ ಒಂದು ಮೊಗ್ಗು, ದಿನಕ್ಕೊಂದು ಬಣ್ಣ. ಕೆಂಪು ಮಲ್ಲಿಗೆ, ನೀಲಿ ಮಲ್ಲಿಗೆ ಎಲ್ಲ ಅರಳಿದ ಆ ದಂಡೆಯನ್ನು ಯಾವ ಹೂವಿನವಳೂ ಮುಟ್ಟುತ್ತಿರಲಿಲ್ಲ, ನಿಜ. ಆದರೆ ಲೆಕ್ಕ ಮಾತ್ರ ಒಂದೂ ತಪ್ಪಲಿಲ್ಲ.

ಆ ಗುರುವಾರದ ಬಣ್ಣ ಹಳದಿ. ಹನ್ನೆರಡೂವರೆಗೆ ಮಲಗಿದವಳು ಒಂದು ಗಂಟೆಯೊಳಗೆ ಮೂರು ಮೊಗ್ಗು ಹಾಕಿದಳು. ನಾಲ್ಕನೆಯದಕ್ಕೆ ದಾರ ಸುತ್ತಿ ಸೂಜಿ ಎತ್ತಿ ಹಿಡಿದಳು. ಕೈ ಜೋಮು ಹಿಡಿಯಿತು. ತಣ್ಣೀರು ಕುಡಿದಳು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು, ಮಗ್ಗುಲು ಬದಲಿಸಿ ಹೊಟ್ಟೆಯನ್ನು ಮೆಲ್ಲಗೆ ತಟ್ಟಿದಳು. ಒಳಗೆ ಸದ್ದೇ ಇಲ್ಲ. ಎರಡೂವರೆಯಾಯಿತು, ಡಾಕ್ಟರು ಹೇಳಿದ ಎರಡು ಗಂಟೆ ಮುಗಿಯಿತು. ನಿನ್ನೆ ಅಷ್ಟು ಹೊತ್ತಿಗೆ ಹತ್ತೊಂಬತ್ತು ನೀಲಿ ಮೊಗ್ಗು ಬಿದ್ದಿದ್ದವು.

ಕೂಗಬೇಕು. ಆದರೆ ಹಿಂದಿನ ವಾರದ ಓಡಾಟವಾದ ಮೇಲೆ ಬರಿಯ ಮಾತನ್ನು ಯಾರು ನಂಬುತ್ತಾರೆ? ನಂಬಿಸಲು ಬಟ್ಟೆ ತೋರಿಸಬೇಕು. ಬಟ್ಟೆ ತೋರಿಸಿದರೆ ಸೂಜಿ ಹಿಡಿದದ್ದು ಗೊತ್ತಾಗುತ್ತದೆ. ಮಗುವಿಗೆ ಏನಾದರೂ ಆಗಿಬಿಟ್ಟಿದ್ದರೆ, ಸೂಜಿ ಹಿಡಿದು ಹಾಳು ಮಾಡಿದವಳು ಎಂಬ ಮಾತು ಸಾಯುವವರೆಗೂ ತಪ್ಪುವುದಿಲ್ಲ. ಇನ್ನು ಹತ್ತು ನಿಮಿಷ ನೋಡುವ ಎಂದುಕೊಂಡಳು. ಹತ್ತು ಕಳೆದ ಮೇಲೆ ಇನ್ನೂ ಹತ್ತು. ಚಾವಡಿಯಲ್ಲಿ ಟಿ.ವಿ.ಯ ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ತಾಯಿಯಾಗಲು ಹೊರಟವಳು ಒಂದು ಮಾತಿಗೆ ಹೆದರಿ ಹೀಗೆ ಬಿದ್ದುಕೊಂಡಿದ್ದೇನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಮೂರೂಕಾಲಿಗೆ ಅತ್ತೆಯನ್ನು ಕೂಗಿದಳು.

"ಮಾಮೀ!"

ಶಶಿಪ್ರಭಾ ಓಡಿ ಬಂದವರು ಬಾಗಿಲಲ್ಲೇ ನಿಂತರು. ಅವರ ಕಣ್ಣು ಸೊಸೆಯ ಮುಖಕ್ಕೆ ಹೋಗಲಿಲ್ಲ, ಕೈಯಲ್ಲಿದ್ದ ಸೂಜಿಗೆ ಹೋಯಿತು. ಮುಖ ಬಿಳುಚಿತು.

"ಎಂತ ಮಾಡಿದೆ ನೀನು? ಎಂತ ಮಾಡಿದೆ?"

ಅವರು ರಿಂಗನ್ನು ಕಿತ್ತುಕೊಳ್ಳಲು ಬಂದರು. ಮದುವೆಯಾಗಿ ಬಂದ ಐದು ವರ್ಷದಲ್ಲಿ ತನುಶ್ರೀ ಅತ್ತೆಯ ಎದುರು ಸ್ವರ ಎತ್ತಿದವಳಲ್ಲ. ಈಗ ಕಿರುಚಿದಳು. "ಮಾಮೀ, ಬೈಯುವುದು ಆಮೇಲೆ! ಇದು ಬಾಲೆ ಒದ್ದ ಲೆಕ್ಕ. ನೀಲಿ ನಿನ್ನೆಯದ್ದು, ಹಳದಿ ಇವತ್ತಿನದ್ದು. ಎಣಿಸಿ!"

ಶಶಿಪ್ರಭಾ ನೀಲಿಯನ್ನು ಬೆರಳಿಟ್ಟು ಎಣಿಸಿದರು, ಅರ್ಧಕ್ಕೇ ಬಿಟ್ಟರು. ಹಳದಿಯನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ನೇರ ಹೊರಗೆ ಹೋಗಿ ಪಕ್ಕದ ಮನೆಯ ಶಾಹುಲ್‌ನ ರಿಕ್ಷಾ ಕರೆದರು.

ಶಾಹುಲ್ ಕುಲಶೇಖರದವರೆಗೆ ಹೊಂಡ ತಪ್ಪಿಸಿ ಹಾರಿಸಿಕೊಂಡು ಬಂದ. ನಂತೂರಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಪೃಥ್ವಿರಾಜ್ ಫೋನ್ ಎತ್ತುತ್ತಿರಲಿಲ್ಲ. ಅತ್ತೆಯ ಒಂದು ಕೈ ಸೊಸೆಯ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಸೂಜಿ ಸಮೇತ ಆ ರಿಂಗು.

"ಈಗ ಬಂತಾ?"

"ಗೊತ್ತಾಗುವುದಿಲ್ಲ ಮಾಮಿ. ರಿಕ್ಷಾ ಕುಲುಕಿದ್ದಾ ಎಂತದಾ."

"ಗೊತ್ತಾಗದಿದ್ರೆ ಮೊಗ್ಗು ಹಾಕುವುದು ಬೇಡ," ಎಂದು ಅತ್ತೆ ಮುಂದಕ್ಕೆ ಬಾಗಿದರು. "ಶಾಹುಲ್, ಹಾರ್ನ್ ಹಾಕು ಮಾರಾಯ!"

ಆಸ್ಪತ್ರೆಯಲ್ಲಿ ಡಾಕ್ಟರ್ ನಾಝಿಮಾ ಕೇಳಿದ ಮೊದಲ ಪ್ರಶ್ನೆ, "ಯಾವಾಗಿಂದ ಕಡಿಮೆ ಆದದ್ದು?" ತನುಶ್ರೀ ಬಾಯಿ ತೆರೆಯುವ ಮೊದಲೇ ಶಶಿಪ್ರಭಾ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಡಾಕ್ಟರು ಕನ್ನಡಕ ಏರಿಸಿ ಒಂದೊಂದು ಬಣ್ಣವನ್ನೂ ಎಣಿಸಿದರು. ಹಳದಿ ಮುಗಿದಲ್ಲಿ ಅವರ ಬೆರಳು ನಿಂತಿತು. ಯಂತ್ರ ಹಚ್ಚಿದಾಗ ಎದೆಬಡಿತದ ಗೆರೆ ಕಾಗದದ ಮೇಲೆ ಓಡುತ್ತಾ ಓಡುತ್ತಾ ಕೆಳಗೆ ಜಾರಿತು. ಮತ್ತೆ ಮೇಲೆ ಹತ್ತಲು ಬಹಳ ಹೊತ್ತು ತೆಗೆದುಕೊಂಡಿತು.

"ಕಾಯುವುದು ಬೇಡ, ಈಗಲೇ ತೆಗೆಯುವ," ಎಂದರು ಡಾಕ್ಟರು.

ಅರ್ಧ ಗಂಟೆಯಲ್ಲಿ ಹೆಣ್ಣು ಮಗು ಹೊರಗೆ ಬಂತು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. ತನುಶ್ರೀ ಉಸಿರು ಹಿಡಿದು ಮಲಗಿದ್ದಳು. ಯಾರೋ ತಟ್ಟಿದರು, ಯಾರೋ ಬೇಗ ಬೇಗ ಎಂದರು. ಆಮೇಲೆ ಸಣ್ಣದೊಂದು ಅಳು ಕೇಳಿತು. ಅವಳೂ ಅತ್ತಳು.

ಮರುದಿನ ಬೆಳಿಗ್ಗೆ ಡಾಕ್ಟರ್ ನಾಝಿಮಾ ವಾರ್ಡಿಗೆ ಬಂದು, ಮಗು ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗಿ ಉಸಿರಾಡುತ್ತಿದೆ ಎಂದು ಹೇಳಿ ಹೊರಟರು. ಶಶಿಪ್ರಭಾ ಅವರನ್ನು ತಡೆದರು.

"ಡಾಕ್ಟ್ರೇ, ಒಂದು ಕೇಳ್ತೇನೆ. ಬಸುರಿ ಸೂಜಿ ಹಿಡಿದ್ರೆ ಹೊಟ್ಟೆಯಲ್ಲಿದ್ದ ಬಾಲೆಗೆ ಎಂತಾದ್ರೂ ಆಗ್ತದಾ?"

"ಹೊಲಿಗೆಗೂ ಅದಕ್ಕೂ ಎಂತ ಸಂಬಂಧ ಅಮ್ಮ? ಎಂತ ಸಹ ಆಗುವುದಿಲ್ಲ."

ಇನ್ನು ತನಗೆ ಬೈಗುಳವಿಲ್ಲ ಎಂದು ತನುಶ್ರೀ ಒಳಗೊಳಗೆ ಹಗುರವಾದಳು. ಆದರೆ ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. ತಮ್ಮ ಕೈಯನ್ನೇ ನೋಡಿಕೊಂಡರು.

"ಪೃಥ್ವಿಗಿಂತ ಮೊದಲು ನನಗೆ ಒಂದು ಇತ್ತು ತನು," ಎಂದರು. "ಅವನಿಗೂ ಗೊತ್ತಿಲ್ಲ. ಎಂಟು ತಿಂಗಳು ತುಂಬಿತ್ತು. ಸೂಜಿ ಹಿಡಿಯಬೇಡ ಅಂತ ಮನೆಯಲ್ಲಿ ಹೇಳಿದ್ರೂ ಕದ್ದು ರವಿಕೆಗೆ ಹುಕ್ಸ್ ಹಾಕಿದೆ. ಮೂರೇ ಮೂರು. ಮಾರನೇ ದಿನ ಬಾಲೆ ಒದೆಯುವುದು ನಿಲ್ಲಿಸಿತು. ಹೇಳಿದ್ರೆ ಸೂಜಿ ಹಿಡಿದದ್ದು ಗೊತ್ತಾಗ್ತದೆ ಅಂತ ಹೆದರಿ ಒಂದಿಡೀ ದಿನ ಬಾಯಿ ಬಿಡಲಿಲ್ಲ. ಸೂಜಿಯೇ ಕೊಂದದ್ದು ಅಂತ ನಲ್ವತ್ತು ವರ್ಷ ನಂಬಿದ್ದೆ ನಾನು."

ಅವರು ಸೆರಗು ಬಾಯಿಗೊತ್ತಿ ಬಿಕ್ಕಿದರು. ತನುಶ್ರೀಗೆ ಹೊಟ್ಟೆಯ ಹೊಲಿಗೆ ಚುರುಕ್ಕೆನ್ನುತ್ತಿತ್ತು. ಆದರೂ ಮಂಚದ ಅಂಚಿಗೆ ಸರಿದು ಅತ್ತೆಯ ಕೈ ಹಿಡಿದಳು.

"ನಿನ್ನೆ ನಾನೂ ಮುಕ್ಕಾಲು ಗಂಟೆ ಬಾಯಿ ಬಿಡದೆ ಮಲಗಿದ್ದೆ ಮಾಮಿ," ಎಂದಳು. "ನಿಮಗೆ ಹೆದರಿ."