ಅತ್ತೆಯ ಮುಂದೆ ಲೋಳೆಗಟ್ಟಿದ ಚಹಾ

ಮಾತ್ಸುಎ ಪಟ್ಟಣದ ಸರೋವರದ ಬದಿಯ ಓಣಿಗಳಲ್ಲಿ ಈ ಸಂಗತಿಯನ್ನು ನಗುತ್ತ ಹೇಳುವವರಿದ್ದಾರೆ, ಕೈಮುಗಿದು ಹೇಳುವವರೂ ಇದ್ದಾರೆ. ತೋಮಿಗೆ ಮಾತ್ರ ಆ ದಿನಗಳಲ್ಲಿ ನಗೆಯೂ ಬರಲಿಲ್ಲ, ಭಕ್ತಿಯೂ ಹುಟ್ಟಲಿಲ್ಲ. ತನ್ನ ಬುದ್ಧಿ ತನ್ನ ಕೈಬಿಡುತ್ತಿದೆಯೇ ಎಂಬುದೊಂದೇ ಅವಳ ದಿಗಿಲು.

ಅವಳ ಗಂಡ ಕಿನ್ಸಾಕುವಿಗೆ ಪಾರ್ಶ್ವವಾಯು ಬಡಿದ ಮೇಲೆ ನುಂಗುವ ಶಕ್ತಿ ಪೂರ್ತಿ ಮರಳಿರಲಿಲ್ಲ. ತೆಳ್ಳಗಿದ್ದುದೆಲ್ಲ ನೆತ್ತಿಗೇರುತ್ತಿತ್ತು. ಅದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರವೆಂದು ಡಾಕ್ಟರಮ್ಮ ಕಾದೋವಾಕಿ ಒಂದು ಪುಡಿ ಕೊಟ್ಟಿದ್ದರು. ಕದಡಿದರೆ ಚಹಾ ಗಂಜಿಯಂತೆ ಮಂದವಾಗುತ್ತಿತ್ತು.

ಬೆಳಿಗ್ಗೆ, ಮಧ್ಯಾಹ್ನ ತೋಮಿ ಎರಡೆರಡು ಬಟ್ಟಲು ಚಹಾ ಮಾಡುವಳು. ತೆಳ್ಳಗಿನದು ಮನೆಯ ಬುದ್ಧಪೀಠದಲ್ಲಿ ಗತಿಸಿದ ಅತ್ತೆಗೆ. ಪುಡಿ ಬೆರೆಸಿದ್ದು ಗಂಡನಿಗೆ. ಬಟ್ಟಲುಗಳೆರಡೂ ಅತ್ತೆ ಇಟ್ಟುಕೊಂಡಿದ್ದ ಒಂದೇ ಜೋಡಿಯವು. ಊದುಬತ್ತಿ ಹಚ್ಚಿ, ಗಂಟೆ ಬಾರಿಸಿ, ಹಿತ್ತಲಿನ ಕೆಲಸ ಮುಗಿಸಿ ಬಂದು, ಅತ್ತೆಯ ಚಹಾವನ್ನು ಇಳಿಸಿ ತಾನು ಕುಡಿಯುವಳು. ಹಿರಿಯರಿಗೆ ಇಟ್ಟಿದ್ದನ್ನು ಚೆಲ್ಲುವ ವಾಡಿಕೆ ಆ ಮನೆಯಲ್ಲಿರಲಿಲ್ಲ.

ವಸಂತದ ಒಂದು ದಿನ ಅತ್ತೆಯ ಚಹಾ ತುಟಿಗೆ ಲೋಳೆಯಾಗಿ ತಾಗಿತು. ಪುಡಿ ತಪ್ಪಿ ಬಿದ್ದಿರಬೇಕೆಂದುಕೊಂಡಳು. ಮರುದಿನ “ಇದು ಅವರಿಗೆ” ಎಂದು ಬಾಯಿಬಿಟ್ಟು ಹೇಳಿಕೊಂಡು ಬೆರೆಸಿದಳು. ಆದರೂ ಪೀಠದ ಚಹಾ ಮಂದವೇ.

“ರೀ, ನಿಮ್ಮ ಚಹಾ ಹೇಗಿತ್ತು?”

“ದಿನಾ ಇರೋ ಹಾಗೆ, ಗೋಡೆಗೆ ಹಚ್ಚೋ ಅಂಟು,” ಎಂದ ಕಿನ್ಸಾಕು, ಕೆಮ್ಮುತ್ತ.

“ಮತ್ಯಾಕೆ ಕೆಮ್ಮು?”

“ನಿನ್ನ ಊದುಬತ್ತಿ ಕಣೇ. ಅಮ್ಮನಿಗೆ ಅಂತ ಹಚ್ಚಿ ನನಗೆ ಹೊಗೆ ಹಾಕ್ತೀಯ.”

ಹಾಗಾದರೆ ಎರಡಕ್ಕೂ ತಾನೇ ಪುಡಿ ಹಾಕುತ್ತಿರುವಳೇ? ತಾನು ಮರೆಗುಳಿಯಾದರೆ ಇವರಿಗೆ ಬೆರೆಸಿಕೊಡುವವರು ಯಾರು? ತೋಮಿ ಬೇಸಿಗೆಯವರೆಗೂ ಆ ಲೋಳೆಯನ್ನು ಕುಡಿಯುತ್ತ ಇದನ್ನೇ ಯೋಚಿಸಿದಳು.

ತೋಮಿಯ ರಕ್ತಪರೀಕ್ಷೆಯ ದಿನ ಡಾಕ್ಟರಮ್ಮ ಹುಬ್ಬೇರಿಸಿದರು. “ಕೊಲೆಸ್ಟ್ರಾಲ್ ಇಳಿದಿದೆಯಲ್ಲ ಅಜ್ಜಿ! ನೀವೇ ಬೇಡ ಅಂದಿದ್ದ ಮಾತ್ರೆ ಕದ್ದು ನುಂಗಿದ್ರಾ?”

“ಇಲ್ಲಮ್ಮ. ಅತ್ತೆಯ ಚಹಾ ಕುಡಿದೆ, ಅಷ್ಟೇ. ಅದು ತಾನಾಗೇ ಲೋಳೆಯಾಗುತ್ತೆ. ಹೊಟ್ಟೆಯಲ್ಲಿ ಕಪ್ಪೆ ಕೂಗುತ್ತೆ.”

“ಆ ಪುಡಿ ಬ್ಯಾಕ್ಟೀರಿಯಾ ಮಾಡಿದ ಅಂಟು ಅಜ್ಜಿ. ನಮಗದು ಅರಗಲ್ಲ. ಕರುಳಲ್ಲಿರೋ ಬ್ಯಾಕ್ಟೀರಿಯಾ ಹುಳಿಸ್ತವೆ, ಅದಕ್ಕೇ ಕಪ್ಪೆ. ಪಿತ್ತರಸ ಹಿಡಿದುಕೊಂಡು ಕೊಲೆಸ್ಟ್ರಾಲ್ ಒಂಚೂರು ಇಳಿಸಲೂಬಹುದು. ಅಷ್ಟು ಪುಡಿಗೆ ಇಷ್ಟು ಇಳಿಯುತ್ತಾ? ನನಗೂ ಗೊತ್ತಿಲ್ಲ. ಊಟ ಹೇಗಿದೆ?”

“ದಿಗಿಲಿಗೆ ಕರಿದದ್ದೇನೂ ಸೇರ್ತಿಲ್ಲ.”

“ಅದೂ ಇರಬಹುದು. ಅದಿರಲಿ, ಪುಡಿ ನಿಮ್ಮ ಹೊಟ್ಟೆಗೆ ಹೋಗ್ತಿದ್ರೆ ಯಜಮಾನರು ಕುಡೀತಿರೋದು ಏನು?”

ಮರುದಿನ ತೋಮಿ ಒಗೆದ ಬಟ್ಟೆಯನ್ನು ಹಿತ್ತಲಲ್ಲಿಟ್ಟು, ಬಾಗಿಲ ಸಂದಿಯಿಂದ ಇಣುಕಿದಳು. ಕಿನ್ಸಾಕು ಕೋಲೂರಿ ಎದ್ದು, ತಾಯಿಗೆ ತಲೆಬಾಗಿ, ಪೀಠದ ಬಟ್ಟಲನ್ನೂ ತನ್ನದನ್ನೂ ಅದಲುಬದಲು ಮಾಡಿದ.

“ರೀ!”

ಅವನು ಬೆಚ್ಚಿದ. “ಅಮ್ಮ ಯಾವತ್ತೂ ದೂರಲಿಲ್ಲವಲ್ಲೇ,” ಎಂದ.

“ಅವರಿಗೆ ನೆತ್ತಿಗೇರೋ ಭಯ ಇಲ್ಲ! ನನಗೆ ಅರಳುಮರಳು ಅಂತ ನಾನು ಸಾಯ್ತಿದ್ರೆ ನೋಡ್ಕೊಂಡು ಕೂತಿದ್ರಲ್ಲ!”

“ಒಂದೇ ಒಂದು ಸಲ ಚಹಾನ ಚಹಾದ ಹಾಗೆ ಕುಡೀಬೇಕು ಅನ್ನಿಸ್ತು. ಆಮೇಲೆ ಬಿಡೋಕಾಗಲಿಲ್ಲ.”

ತೋಮಿ ಅವನ ಕೈಯಿಂದ ಬಟ್ಟಲು ಕಸಿದುಕೊಂಡು ಅತ್ತಳು. ಬುದ್ಧಿ ನೆಟ್ಟಗಿದೆ ಎಂಬ ನೆಮ್ಮದಿಗೆ ಅತ್ತಳೋ, ಅವನು ಇಷ್ಟು ದಿನ ಉಳಿದನಲ್ಲ ಎಂದು ಅತ್ತಳೋ ಅವಳಿಗೇ ತಿಳಿಯಲಿಲ್ಲ. ಕೊಲೆಸ್ಟ್ರಾಲ್ ಇಳಿಸಿದ್ದು ಅಂಟೋ, ದಿಗಿಲೋ, ಅತ್ತೆಯೋ, ಅದೂ ತಿಳಿಯಲಿಲ್ಲ.

ಅಂದಿನಿಂದ ಅವಳು ಎರಡೂ ಬಟ್ಟಲಿಗೆ ಪುಡಿ ಬೆರೆಸತೊಡಗಿದಳು. ಮೊದಲ ದಿನ ಕಿನ್ಸಾಕು ಪೀಠದ ಮುಂದೆ ಬಹಳ ಹೊತ್ತು ನಿಂತು ಎರಡನ್ನೂ ನೋಡಿದ.

“ನನ್ನದು ಯಾವುದೇ?”

“ಯಾವುದಾದರೂ ತಗೊಳ್ಳಿ,” ಎಂದು ತೋಮಿ ಬಟ್ಟೆ ಒಣಹಾಕಲು ಹೋದಳು.