ನಡುಬಂಡೆಯ ಫೋಟೋ

ನಮ್ಮ ಯಜಮಾನರು ಫೋಟೋ ಸ್ಟುಡಿಯೋ ಇಟ್ಟವರು. ಎಲ್ಲಿಗೆ ಹೋದರೂ ಕಣ್ಣಿಂದ ನೋಡಿದ್ದು ಲೆಕ್ಕಕ್ಕಿಲ್ಲ, ಫೋಟೋ ಬಂದರಷ್ಟೇ ಹೋದಂತೆ! ಅತ್ತೆ, ಅತ್ತಿಗೆ, ನಾನು, ಅವರು ರಾಷ್ಟ್ರೀಯ ಉದ್ಯಾನಕ್ಕೆ ಹೋದ ದಿನವೂ ಅದೇ ಪಾಡು.

ಗೇಟಿನಲ್ಲಿ ಕಾವಲಿನವರು ಬಿಡಿಸಿ ಹೇಳಿದ್ದರು: ಕಂಬಿ ದಾಟಿ ಕಮರಿಗೆ ಇಳಿಯಬೇಡಿ, ಇಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಹೊಳೆ ದಿಢೀರನೆ ಏರುತ್ತದೆ. ಶಾಲೆಯ ಬಸ್ ಓಡಿಸುವ ನಮ್ಮ ಅತ್ತಿಗೆ ನಿಂತು ಕೇಳಿಸಿಕೊಂಡರು. ಅವರ ತಮ್ಮ, ನಮ್ಮ ಯಜಮಾನರಿಗೆ ಪುರುಸೊತ್ತೆಲ್ಲಿ?

ಎರಡೂ ಕಡೆ ದಟ್ಟ ಕಾಡು, ಕಮರಿಯ ತಳದಲ್ಲಿ ತಿಳಿನೀರು. ನೋಡನೋಡುತ್ತಲೇ ಇವರು ಕಂಬಿ ದಾಟಿ ಇಳಿದು, ಕಲ್ಲಿಂದ ಕಲ್ಲಿಗೆ ಹಾರಿ, ಹೊಳೆಯ ನಡುಬಂಡೆಯ ಮೇಲೆ ಕ್ಯಾಮೆರಾ ಸ್ಟ್ಯಾಂಡ್ ಊರಿಯೇಬಿಟ್ಟರು.

"ಅಮ್ಮಾ, ಇಳಿದು ಬಾ! ಮೊಣಕಾಲುದ್ದವೂ ನೀರಿಲ್ಲ."

ಅತ್ತೆ ಹೆಜ್ಜೆ ಮುಂದಿಟ್ಟರು. ಅತ್ತಿಗೆ ಅಡ್ಡ ನಿಂತರು. "ಒಬ್ಬರೂ ಇಳಿಯೋ ಹಾಗಿಲ್ಲ. ಲೋ, ನೀನು ಹತ್ತಿ ಬಾ!"

"ಆಕಾಶ ನೋಡಕ್ಕಾ, ಒಂದು ಚೂರು ಮೋಡ ಇದ್ಯಾ? ನಿಂಗೆ ಎಲ್ಲದಕ್ಕೂ ಭಯ."

"ಆಕಾಶ ಬಿಡು, ನೀರು ನೋಡು!"

ತಿಳಿನೀರು ಕೆಂಪಗಾಗಿತ್ತು. ಕಡ್ಡಿ, ತರಗೆಲೆ ತೇಲಿ ಬರುತ್ತಿದ್ದವು. ನಾನು "ರೀ, ಬನ್ರೀ!" ಎನ್ನುತ್ತಾ ಕಂಬಿ ದಾಟಲು ಕಾಲೆತ್ತಿದೆ. ಅತ್ತಿಗೆ ನನ್ನ ರಟ್ಟೆ ಹಿಡಿದರು.

"ನೀನೂ ಇಳಿದ್ರೆ ಇಬ್ಬರನ್ನ ಹುಡುಕ್ಬೇಕಾಗತ್ತೆ. ಇಲ್ಲೇ ನಿಂತು ಕೂಗು."

ಇವರೋ, ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚುತ್ತಾ ಕೂತರು. "ಒಂದೇ ನಿಮಿಷ, ಹೊಸದು ಕಣೇ!"

ಆಗ ಅತ್ತೆ ಕಿರುಚಿದರು: "ಹಾಳಾಗಿ ಹೋಗ್ಲಿ ಅದು! ನಿನ್ನ ಫೋಟೋನ ನಾನು ಗೋಡೆಗೆ ಹಾಕಲ್ಲ ಕಣೋ! ಹತ್ತೋ!"

ತೀರಿಹೋದವರ ಫೋಟೋಗಳಿಗೆ ಕಟ್ಟು ಹಾಕಿಕೊಡುವುದು ಇವರ ದಿನನಿತ್ಯದ ಕೆಲಸ. ಆ ಮಾತು ನಾಟಿತು. ಎಲ್ಲ ಬಿಟ್ಟು ಬಿದ್ದೆನೋ ಎದ್ದೆನೋ ಎಂದು ಓಡಿಬಂದರು. ಅತ್ತಿಗೆ ಕಾಲರ್ ಹಿಡಿದು ಕಂಬಿಯ ಈಚೆಗೆ ಎಳೆದುಕೊಂಡರು. ತಿರುಗಿ ನೋಡಿದರೆ ಕ್ಯಾಮೆರಾವೂ ಇಲ್ಲ, ಬಂಡೆಯೂ ಇಲ್ಲ. ಬರೀ ಕೆಂಪು ನೀರು.

ಅವತ್ತು ಕಂಬಿಯ ಈಚೆ ನಿಂತು ಇವರೇ ಕೈಚಾಚಿ ಫೋನಿನಲ್ಲಿ ತೆಗೆದ ಸೆಲ್ಫಿ ಫೋಟೋ ಈಗ ಸ್ಟುಡಿಯೋದ ಬಾಗಿಲಲ್ಲಿದೆ. "ನೀವೇ ತೆಗೆದು ಇಷ್ಟು ಸೊಟ್ಟಗಾ?" ಎಂದು ಗಿರಾಕಿಗಳು ನಗುತ್ತಾರೆ. "ಕೈ ನಡುಗ್ತಿತ್ತು ಕಣ್ರಪ್ಪ. ನೀವು ಹೋದ್ರೆ ಕಂಬಿ ದಾಟ್ಬೇಡಿ" ಎನ್ನುತ್ತಾರೆ ಇವರು.

ನೀವೂ ಹೋಗಿ, ಕಾಡು-ಹೊಳೆ ಕಣ್ತುಂಬ ನೋಡಿ. ಬಿಸಿಲು ನಂಬಿ ಕಮರಿಗೆ ಮಾತ್ರ ಇಳಿಯಬೇಡಿ. ನೀರು ಕದಡಿ ಕಸಕಡ್ಡಿ ತೇಲಿಬಂದರೆ ಹೊಳೆ ಏರುತ್ತಿದೆ ಎಂದೇ ತಿಳಿಯಿರಿ. ಯಾರಾದರೂ ಇಳಿದಿದ್ದರೆ ಕೂಗಿ ಕರೆಯಿರಿ, ಸಾಮಾನು ಹೋದರೆ ಹೋಗಲಿ. ನಮ್ಮ ಸೊಟ್ಟ ಫೋಟೋದಲ್ಲಿ ನಾಲ್ವರೂ ಇದ್ದೇವೆ. ನಿಮ್ಮದರಲ್ಲೂ ಯಾರೂ ಕಡಿಮೆಯಾಗದಿರಲಿ.