ಹಿಂದಕ್ಕೆ ನಡೆದ ಕಾಲಾಳು

ಒಂದಾನೊಂದು ಚಳಿಯ ನಾಡಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಮೂರು ವರ್ಷ ಯುದ್ಧ ಮಾಡಿದರಂತೆ. ಕತ್ತಿಯಿಲ್ಲ, ರಕ್ತವಿಲ್ಲ, ಒಂದು ಅಂಚೆ ಕಾರ್ಡಿಗೆ ಚದುರಂಗದ ಒಂದು ನಡೆ. ಲಾಟ್ವಿಯಾದ ಸ್ಮಿಲ್ತೆನೆಯಿಂದ ಔಸ್ತ್ರಾ ಎಂಬಾಕೆ ಹಾಕಿದ ಕಾರ್ಡು ರಷ್ಯಾದ ಅರ್ಖಾಂಗೆಲ್ಸ್ಕ್ ಮುಟ್ಟಲು ಒಂಬತ್ತು ದಿನ, ಅಲ್ಲಿಂದ ಸಾವೆಲಿ ಎಂಬ ಮುದುಕನ ಉತ್ತರ ಬರಲು ಇನ್ನೊಂಬತ್ತು. ಔಸ್ತ್ರಾಳ ಮೂವತ್ತೊಂದನೆಯ ನಡೆಗೆ ಉತ್ತರ ಬರಲೇ ಇಲ್ಲ. ಸಾವೆಲಿ ತೀರಿಕೊಂಡಿದ್ದ.

ಬಂದದ್ದು ಅವನ ಹೆಂಡತಿ ಕ್ಲಾವ್ದಿಯಾಳ ಕಾಗದ. "ಆಟ ಅರ್ಧಕ್ಕೆ ನಿಂತರೆ ತೀರ್ಪುಗಾರರು ಗೆಲುವು ಯಾರದೆಂದು ಹೇಳುತ್ತಾರಂತೆ. ಅದಕ್ಕೆ ಎರಡೂ ಕಡೆಯಿಂದ ವಿಶ್ಲೇಷಣೆ ಹೋಗಬೇಕಂತೆ. ನನಗೆ ಕುದುರೆ ಯಾವುದು, ಒಂಟೆ ಯಾವುದು ತಿಳಿಯದು ತಾಯಿ. ನಮ್ಮವರ ಕಡೆಯದನ್ನೂ ನೀವೇ ಬರೆದು ಕಳಿಸಿ."

ಔಸ್ತ್ರಾ ಮಾತು ಕೊಟ್ಟಳು. ಕೊಡುವುದೇನು ಕಷ್ಟ? ಕಾರ್ಡು ಬಂದಂತೆಲ್ಲ ಕಾಯಿ ನಡೆಸುತ್ತಿದ್ದ ಮನೆಯ ಮಣೆಯ ಮೇಲೆ ಅವಳೇ ಗೆಲ್ಲುತ್ತಿದ್ದಳು. ಈ ಒಂದು ಗೆಲುವು ಸಿಕ್ಕರೆ, ಹನ್ನೊಂದು ವರ್ಷದಿಂದ ಕೈಗೆ ಬಂದು ಬಂದು ಜಾರುತ್ತಿದ್ದ ಮಾಸ್ಟರ್ ಪದವಿ ಅವಳದು.

ಆದರೆ ಅದು ಸತ್ತವರು ಮನೆಗೆ ಬರುವ ತಿಂಗಳು. ಹೊಲ ಬರಿದಾಗಿ, ಮಂಜು ಕಿಟಕಿಗೆ ಅಂಟಿಕೊಂಡು ಕೂರುವ ಹೊತ್ತು. ತಂಗಿ ಜೆಂತಾ ಹಿರಿಯರಿಗೆಂದು ಬಾರ್ಲಿ ಗಂಜಿಯ ತಟ್ಟೆ ಇಟ್ಟಿದ್ದಳು. ಮರುದಿನ ಬೆಳಗ್ಗೆ ಗಂಜಿ ಹಾಗೇ ಇತ್ತು. ಮಣೆಯ ಮೇಲಿನ ಔಸ್ತ್ರಾಳ ಒಂದು ಕಾಲಾಳು ಮಾತ್ರ ಒಂದು ಮನೆ ಹಿಂದೆ ಹೋಗಿ ನಿಂತಿತ್ತು.

"ಯಾರೇ ಇದನ್ನ ಮುಟ್ಟಿದ್ದು?"

"ನಾನ್ಯಾಕೆ ಮುಟ್ಲಿ ಅಕ್ಕಾ? ಧೂಳು ಒರೆಸಿದ್ರೂ ಬೈತೀಯ, ಒರೆಸದಿದ್ರೂ ಬೈತೀಯ."

"ಕಾಲಾಳು ಹಿಂದಕ್ಕೆ ನಡೆಯಲ್ಲ ಕಣೆ."

"ಅದನ್ನ ಅದಕ್ಕೇ ಹೇಳು. ಮೂರು ವರ್ಷ ಕಾರ್ಡು ಬರೆದು ಕರೆಸ್ಕೊಂಡಿದೀಯ, ಈಗ ಮುದುಕ ಮನೇಗೇ ಬಂದಿರ್ಬೇಕು!" ಜೆಂತಾ ನಕ್ಕಳು. ನಕ್ಕವಳು ಮಣೆಯಾಚೆ ಎದುರಿನ ಖಾಲಿ ಕುರ್ಚಿಯ ಕಡೆ ನೋಡಿ, ಗಂಜಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಔಸ್ತ್ರಾ ಕಾಲಾಳನ್ನು ಮುಂದಿಟ್ಟಳು. ಮರುದಿನ ಅದು ಮತ್ತೆ ಹಿಂದೆ. ಮೂರನೆಯ ದಿನವೂ ಹಿಂದೆ. ಬಾಕಿ ಉಳಿದ ಕೆಲಸಕ್ಕೆ ಸತ್ತವರು ಈ ತಿಂಗಳು ಬಂದೇ ಬರುತ್ತಾರೆ, ಬಂದವರನ್ನು ಗದರಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಔಸ್ತ್ರಾ ಗದರಲಿಲ್ಲ. ಕೊಟ್ಟ ಮಾತಿನಂತೆ ಅವನ ಕಡೆಯದನ್ನು ಬರೆಯಲು ಎದುರಿನ ಕುರ್ಚಿಯಲ್ಲಿ ಹೋಗಿ ಕೂತಳು.

ಅಲ್ಲಿಂದ ನೋಡಿದರೆ ಮಣೆ ಬೇರೆಯೇ ಕಂಡಿತು. ಆ ಕಾಲಾಳನ್ನು ತಾನು ಯಾವ ಕಾರ್ಡಿನಲ್ಲಿ ಮುಂದಿಟ್ಟೆ? ನೆನಪಾಗಲಿಲ್ಲ. ನಡೆಗಳನ್ನೆಲ್ಲ ಬರೆದಿಟ್ಟ ಪುಸ್ತಕ ತೆಗೆದು, ಮೊದಲಿನಿಂದ ಒಂದೊಂದೇ ಆಡಿಸಿದಳು. ಮೂವತ್ತೊಂದು ನಡೆ ಮುಗಿಯಿತು. ಕಾಲಾಳು ಹುಟ್ಟಿದ ಮನೆ ಬಿಟ್ಟು ಕದಲಿರಲೇ ಇಲ್ಲ.

ಆಗ ತಿಳಿಯಿತು. ಮೇ ತಿಂಗಳಲ್ಲಿ, ಹೀಗಾಡಿದರೆ ಹೇಗೆ ಎಂದು ಅದನ್ನು ಸುಮ್ಮನೆ ಒಂದು ಮನೆ ಸರಿಸಿ ನೋಡಿದ್ದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಎದ್ದು ಹೋದವಳು ವಾಪಸ್ಸಿಡಲು ಮರೆತಳು. ಕೊನೆಯ ನಾಲ್ಕು ನಡೆಯಲ್ಲಿ ಅವಳು ಆಡಿದ್ದು ಇಲ್ಲದ ಆಟವನ್ನೇ. ಕಾಲಾಳು ಮುಂದಿದ್ದರೆ ಅವಳ ರಾಜನಿಗೆ ಓಡಲು ಒಂದು ಕಿಂಡಿ. ನಿಜದಲ್ಲಿ ಕಿಂಡಿ ಇಲ್ಲ. ಈಗ ಸಾವೆಲಿಯ ಸರದಿ: ಅವನು ಕುದುರೆ ಬಲಿ ಕೊಟ್ಟರೆ, ಅಲ್ಲಿಂದ ಒಂಬತ್ತನೆಯ ನಡೆಗೆ ಅವನ ಆನೆ ಕೊನೆಯ ಸಾಲಿಗಿಳಿದು ಅವಳ ರಾಜನನ್ನು ಮುಗಿಸುತ್ತದೆ.

"ಇದು ತೀರ್ಪುಗಾರರಿಗೆ ಕಾಣಲ್ವಾ?" ಜೆಂತಾ ಕೇಳಿದಳು.

"ಅಷ್ಟು ಆಳಕ್ಕೆ ಅವರು ಇಳಿಯಲ್ಲ. ಮೇಲಿಂದ ನೋಡಿದ್ರೆ ನಂದೇ ಗೆಲುವು. ಸಾವೆಲಿ ಕಡೆಯವರು ತೋರಿಸ್ಬೇಕು."

"ಅವರ ಕಡೆಯವರು ಯಾರು?"

"ನಾನು."

"ಹೇಳ್ದಿದ್ರೆ?"

"ಗೆಲ್ತೀನಿ. ಆಮೇಲೆ ದಿನಾ ಬೆಳಗ್ಗೆ ಎದ್ದು ಈ ಕುರ್ಚೀಲಿ ಬಂದು ಕೂತವರ ಮುಖ ನೋಡ್ಬೇಕು."

ಜೆಂತಾ ಎದುರಿನ ಕುರ್ಚಿಯನ್ನು ನೋಡಲಿಲ್ಲ. "ಹನ್ನೊಂದು ವರ್ಷ ಅಕ್ಕಾ..." ಎಂದಳು, ಅಷ್ಟೇ.

ತನ್ನ ಕಡೆಯದಕ್ಕೆ ಔಸ್ತ್ರಾ ಆರು ಸಾಲು ಬರೆದಳು. ಸಾವೆಲಿಯ ಕಡೆಯದಕ್ಕೆ ನಾಲ್ಕು ಹಾಳೆ ಹಿಡಿಯಿತು. ತಾನು ತಪ್ಪಿಸಿಕೊಳ್ಳಬಹುದಾದ ದಾರಿಗಳನ್ನೆಲ್ಲ ಹುಡುಕಿ, ಒಂದೊಂದನ್ನೂ ಅವನ ಕೈಯಿಂದಲೇ ಮುಚ್ಚಿಸಿದಳು. ಕೆಳಗೆ ಅವನ ಹೆಸರು ಬರೆದು, 'ಪರವಾಗಿ' ಎಂದು ತನ್ನ ಸಹಿ ಹಾಕಿದಳು. ಮಧ್ಯಾಹ್ನ ಮಂಜಿನಲ್ಲೇ ನಡೆದು ಹೋಗಿ, ಎರಡನ್ನೂ ತೀರ್ಪುಗಾರರ ವಿಳಾಸ ಬರೆದ ಒಂದೇ ಲಕೋಟೆಯಲ್ಲಿಟ್ಟು ಅಂಚೆ ಡಬ್ಬಿಗೆ ಹಾಕಿದಳು.